ಶಾಲೆಗೆ ‘ಬಿ’ ಬಂದದ್ದು ಹೇಗೆ?

2025ರ ಆಗಸ್ಟ್ 15ರಂದು ಅಮೆರಿಕದ ಟೆಕ್ಸಸ್ ರಾಜ್ಯ ತನ್ನ ಶಾಲೆಗಳ ಗ್ರೇಡುಗಳನ್ನು ಪ್ರಕಟಿಸಿತು. ಮಕ್ಕಳಿಗೆ ಕೊಡುವ ಗ್ರೇಡಲ್ಲ, ಶಾಲೆಗೇ ಕೊಡುವ ಗ್ರೇಡು. ಸುಮಾರು 9 ಸಾವಿರ ಶಾಲೆಗಳು, ಅವನ್ನು ನಡೆಸುವ ಸುಮಾರು 1,200 ಶಾಲಾ ಜಿಲ್ಲೆಗಳು. ಒಂದೊಂದಕ್ಕೂ ಎ, ಬಿ, ಸಿ, ಡಿ, ಎಫ್ ಎಂಬ ಐದರಲ್ಲಿ ಒಂದು ಅಕ್ಷರ. ಅಂದು 2024 ಮತ್ತು 2025, ಎರಡೂ ವರ್ಷಗಳ ಗ್ರೇಡುಗಳು ಒಟ್ಟಿಗೆ ಹೊರಬಿದ್ದವು. 2023ರದ್ದು 2025ರ ಏಪ್ರಿಲ್‌ನಲ್ಲಷ್ಟೇ ಬಂದಿತ್ತು. ಗ್ರೇಡು ಕಟ್ಟುವ ವಿಧಾನ ನ್ಯಾಯವೋ ಅಲ್ಲವೋ ಎಂದು ಶಾಲಾ ಜಿಲ್ಲೆಗಳು ರಾಜ್ಯದ ವಿರುದ್ಧ ಕೋರ್ಟಿಗೆ ಹೋಗಿದ್ದರಿಂದ ಇಷ್ಟು ತಡವಾಯಿತು.

ಈ ಅಕ್ಷರಕ್ಕೂ ಕನ್ನಡಿಗರಿಗೂ ಸಂಬಂಧವಿದೆ. ಡಲ್ಲಾಸ್ ಸುತ್ತಮುತ್ತಲಿನ ಫ್ರಿಸ್ಕೊ, ಪ್ಲೇನೊ, ಇರ್ವಿಂಗ್‌ಗಳಲ್ಲಿ, ಆಸ್ಟಿನ್ ಮತ್ತು ಹ್ಯೂಸ್ಟನ್‌ಗಳ ಹೊರವಲಯದಲ್ಲಿ ನೆಲೆಸಿರುವ ನಮ್ಮವರು ಮನೆ ಹುಡುಕುವಾಗ ಕೋಣೆ ಎಷ್ಟು, ಬೆಲೆ ಎಷ್ಟು ಎಂದು ಕೇಳುವ ಮೊದಲೇ ಶಾಲೆಯ ರೇಟಿಂಗ್ ಕೇಳುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸವೇ ಮಗುವಿನ ಸರ್ಕಾರಿ ಶಾಲೆಯನ್ನು ನಿರ್ಧರಿಸುತ್ತದೆ. ಒಳ್ಳೆಯ ಗ್ರೇಡಿನ ಶಾಲೆಯ ಎಲ್ಲೆಯೊಳಗಿನ ಮನೆಗೆ ಬೆಲೆ ಹೆಚ್ಚು. ಹೀಗೆ ಒಂದು ಅಕ್ಷರವನ್ನು ನಂಬಿ ಮೂವತ್ತು ವರ್ಷದ ಸಾಲ ತೆಗೆಯುವ ಕುಟುಂಬಗಳಿವೆ. ಅಂಥವರು ಆ ಅಕ್ಷರ ಯಾವುದರಿಂದ ಆಗಿದೆ ಎಂದು ತಿಳಿದಿರಲೇಬೇಕು. ಇಲ್ಲಿರುವ ನಮಗೂ ಅದು ಬೇಕು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬ ಪಟ್ಟಿ ಮುಖಪುಟಕ್ಕೆ ಬರುತ್ತದೆ. ಅದರ ಹಿಂದೆಯೇ ಶಾಲೆಗಳಿಗೆ ನೋಟಿಸುಗಳು ಹೊರಡುತ್ತವೆ.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಮನೆ ಹುಡುಕುವ ಝಿಲ್ಲೋದಂಥ ಆ್ಯಪ್‌ಗಳಲ್ಲಿ ಶಾಲೆಯ ಪಕ್ಕ ಕಾಣುವ 1ರಿಂದ 10ರ ಅಂಕಿ ರಾಜ್ಯ ಕೊಟ್ಟದ್ದಲ್ಲ. ಅದು ಗ್ರೇಟ್‌ಸ್ಕೂಲ್ಸ್ ಎಂಬ ಖಾಸಗಿ ಸಂಸ್ಥೆಯದು, ಅದರ ಲೆಕ್ಕವೇ ಬೇರೆ. ಇಲ್ಲಿ ಮಾತಾಡುತ್ತಿರುವುದು ಟೆಕ್ಸಸ್ ಎಜುಕೇಷನ್ ಏಜೆನ್ಸಿ, ಅಂದರೆ ಅಲ್ಲಿನ ಶಿಕ್ಷಣ ಇಲಾಖೆ, ಕಾನೂನಿನ ಪ್ರಕಾರ ಕೊಡುವ ಅಕ್ಷರದ ಬಗ್ಗೆ. ಶಾಲಾ ಜಿಲ್ಲೆ ಎಂಬುದನ್ನೂ ನಮ್ಮ ಕಂದಾಯ ಜಿಲ್ಲೆಯ ಹಾಗೆ ಊಹಿಸಿಕೊಳ್ಳಬಾರದು. ಅದು ಚುನಾಯಿತ ಮಂಡಳಿಯಿರುವ, ಆಸ್ತಿ ತೆರಿಗೆ ಎತ್ತುವ ಅಧಿಕಾರವಿರುವ ಸ್ಥಳೀಯ ಸಂಸ್ಥೆ.

ಟೆಕ್ಸಸ್ ಶಾಲೆಗಳನ್ನು ಪರೀಕ್ಷೆಯ ಆಧಾರದ ಮೇಲೆ ಅಳೆಯುವ ಕಾನೂನು ಮಾಡಿದ್ದು 1993ರಲ್ಲಿ. ಆ ರಾಜ್ಯದ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯು ಬುಷ್ ಅಧ್ಯಕ್ಷರಾದ ಮೇಲೆ ಅದೇ ವಿಚಾರ 2002ರ ಜನವರಿಯಲ್ಲಿ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಎಂಬ ಹೆಸರಿನಲ್ಲಿ ಇಡೀ ದೇಶದ ಕಾನೂನಾಯಿತು. 2014ರ ಹೊತ್ತಿಗೆ ಪ್ರತಿಯೊಂದು ಮಗುವೂ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕು ಎಂದು ಅದು ಹೇಳಿತು. ಯಾವ ರಾಜ್ಯವೂ ಮುಟ್ಟಲಿಲ್ಲ. 2015ರಲ್ಲಿ ಬಂದ ಹೊಸ ಕಾನೂನು ಆ ಗುರಿಯನ್ನು ಕೈಬಿಟ್ಟಿತು, ಪ್ರತಿ ವರ್ಷದ ಪರೀಕ್ಷೆಯನ್ನು ಉಳಿಸಿಕೊಂಡಿತು. ಈಗಿನ ಅಕ್ಷರದ ಗ್ರೇಡು ಟೆಕ್ಸಸ್‌ನ ಶಾಲಾ ಜಿಲ್ಲೆಗಳಿಗೆ 2018ರಲ್ಲಿ, ಒಂದೊಂದು ಶಾಲೆಗೂ 2019ರಲ್ಲಿ ಬಂತು.

ಈ ವ್ಯವಸ್ಥೆಯ ವಿರುದ್ಧ ಮುಂದೆ ಹೇಳಲು ನನಗೆ ಬಹಳಷ್ಟಿದೆ. ಅದಕ್ಕೇ ಅದು ಮಾಡಿದ ಒಂದು ದೊಡ್ಡ ಕೆಲಸವನ್ನು ಮೊದಲು ಹೇಳಬೇಕು. ಅದಕ್ಕೆ ಮುಂಚೆ ಶಾಲೆಯ ಸರಾಸರಿ ಚೆನ್ನಾಗಿದ್ದರೆ ಸಾಕಿತ್ತು. ಆ ಸರಾಸರಿಯೊಳಗೆ ಕಪ್ಪು ಮಕ್ಕಳು, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳು, ಬಡ ಮಕ್ಕಳು, ಅಂಗವಿಕಲ ಮಕ್ಕಳು ಏನೂ ಕಲಿಯದೆ ಹೋದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪ್ರತಿ ಗುಂಪಿನ ಫಲಿತಾಂಶವನ್ನು ಬೇರೆಬೇರೆಯಾಗಿ ಪ್ರಕಟಿಸಬೇಕೆಂದು ಕಾನೂನು ಹಠ ಹಿಡಿದ ಮೇಲೆ ಅದನ್ನು ಮುಚ್ಚಿಡುವುದು ಕಷ್ಟವಾಯಿತು. ನಮ್ಮಲ್ಲಿ ಇವತ್ತಿಗೂ ಒಂದು ಶಾಲೆಯ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಕಲಿಕೆಯನ್ನು ಬೇರೆಯಾಗಿ ತೋರಿಸುವ ಹಾಳೆ ಪೋಷಕರ ಕೈಗೆ ಬರುವುದಿಲ್ಲ.

ಈಗ ಗ್ರೇಡಿನ ಲೆಕ್ಕ. ಟೆಕ್ಸಸ್‌ನಲ್ಲಿ ಸ್ಟಾರ್ ಎಂಬ ಪರೀಕ್ಷೆ 2012ರಿಂದ ನಡೆಯುತ್ತಿದೆ. ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತ, ನಡುವೆ ಕೆಲವು ತರಗತಿಗಳಲ್ಲಿ ವಿಜ್ಞಾನ ಮತ್ತು ಸಮಾಜ, ಹೈಸ್ಕೂಲಿನಲ್ಲಿ ಕೆಲವು ನಿಗದಿತ ವಿಷಯಗಳು. ಮಗುವಿನ ಫಲಿತಾಂಶ ನಾಲ್ಕು ಹಂತಗಳಲ್ಲಿ ಒಂದರಲ್ಲಿ ಬೀಳುತ್ತದೆ: ತರಗತಿಯ ಮಟ್ಟ ಮುಟ್ಟಿಲ್ಲ, ಮಟ್ಟದ ಹತ್ತಿರ ಬಂದಿದೆ, ಮಟ್ಟ ಮುಟ್ಟಿದೆ, ಮಟ್ಟದ ಮೇಲೆ ಹಿಡಿತ ಸಾಧಿಸಿದೆ. ‘ಹತ್ತಿರ’ ಬಂದರೆ ಪಾಸು. ಗಮನಿಸಿ, ಪಾಸಾದ ಮಗು ತನ್ನ ತರಗತಿಯ ಮಟ್ಟದಲ್ಲಿದೆ ಎಂದೇನೂ ಅರ್ಥವಲ್ಲ. ಶಾಲೆಯವರು ‘ಪಾಸ್’ ಪ್ರಮಾಣ ಹೇಳಿದಾಗ ಪೋಷಕರು ಎಡವುವುದು ಇಲ್ಲೇ.

ಒಂದು ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಿ. ನೂರು ಫಲಿತಾಂಶಗಳಲ್ಲಿ 70 ‘ಹತ್ತಿರ’ ಅಥವಾ ಅದಕ್ಕಿಂತ ಮೇಲೆ, 38 ‘ಮುಟ್ಟಿದೆ’ ಅಥವಾ ಅದಕ್ಕಿಂತ ಮೇಲೆ, 14 ‘ಹಿಡಿತ’ದ ಹಂತದಲ್ಲಿ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 41ರ ಆಸುಪಾಸು. ಮೇಲಿನ ಹಂತದ ಮಗು ಮೂರು ಸಲ ಲೆಕ್ಕಕ್ಕೆ ಬರುತ್ತದೆ, ಪಾಸಾದಷ್ಟೇ ಮಗು ಒಂದು ಸಲ. ಈ 41 ನೇರವಾಗಿ ಗ್ರೇಡಾಗುವುದಿಲ್ಲ. ಇಲಾಖೆ ಒಂದು ಕೋಷ್ಟಕ ಇಟ್ಟುಕೊಂಡಿದೆ. ಅದರ ಪ್ರಕಾರ ಇದನ್ನು ನೂರರ ಅಳತೆಗೆ ತಿರುಗಿಸುತ್ತಾರೆ. ಇದು ಮೊದಲ ವಿಭಾಗ, ವಿದ್ಯಾರ್ಥಿಗಳ ಸಾಧನೆ. ಹೈಸ್ಕೂಲಾದರೆ ಇದರಲ್ಲಿ ಪರೀಕ್ಷೆಗೆ ಶೇ 40 ಮಾತ್ರ; ಇನ್ನು ಶೇ 40 ಕಾಲೇಜಿಗೋ ಕೆಲಸಕ್ಕೋ ಸೇನೆಗೋ ಸಿದ್ಧರಾದವರ ಪ್ರಮಾಣಕ್ಕೆ, ಶೇ 20 ಹೈಸ್ಕೂಲು ಮುಗಿಸಿ ಹೊರಬಂದವರ ಪ್ರಮಾಣಕ್ಕೆ.

ಎರಡನೆಯದು ಪ್ರಗತಿ. ಇದನ್ನು ಎರಡು ದಾರಿಯಲ್ಲಿ ನೋಡುತ್ತಾರೆ. ಒಂದು, ಅದೇ ಮಗು ಕಳೆದ ವರ್ಷ ಯಾವ ಹಂತದಲ್ಲಿತ್ತು, ಈ ವರ್ಷ ಎಲ್ಲಿದೆ. ಇನ್ನೊಂದು, ಇಷ್ಟೇ ಪ್ರಮಾಣದಲ್ಲಿ ಬಡ ಮಕ್ಕಳಿರುವ ಬೇರೆ ಶಾಲೆಗಳಿಗೆ ಹೋಲಿಸಿದರೆ ಈ ಶಾಲೆ ಹೇಗಿದೆ. ಎರಡರಲ್ಲಿ ಯಾವುದು ಹೆಚ್ಚೋ ಅದು ಶಾಲೆಗೆ. ಮೂರನೆಯ ವಿಭಾಗ ಗುಂಪುಗಳ ನಡುವಿನ ಅಂತರ. ಮೇಲೆ ಹೇಳಿದ ಆ ಒಳ್ಳೆಯ ಕೆಲಸ ಉಳಿದಿರುವುದು ಇಲ್ಲಿ.

ಒಟ್ಟು ಗ್ರೇಡಿಗೆ ಸಾಧನೆ ಮತ್ತು ಪ್ರಗತಿ ಎರಡರಲ್ಲಿ ಹೆಚ್ಚಿನದನ್ನು ಶೇ 70ರಷ್ಟು, ಅಂತರದ ಅಂಕವನ್ನು ಶೇ 30ರಷ್ಟು ತೆಗೆದುಕೊಳ್ಳುತ್ತಾರೆ. ಸಾಧನೆ 72, ಪ್ರಗತಿ 85, ಅಂತರ 70 ಇರುವ ಶಾಲೆಗೆ 85ರ ಶೇ 70 ಎಂದರೆ 59.5, 70ರ ಶೇ 30 ಎಂದರೆ 21, ಒಟ್ಟು 80.5. ಎಂಬತ್ತು ದಾಟಿದರೆ ಬಿ. ಪಕ್ಕದ ಇನ್ನೊಂದು ಶಾಲೆಯಲ್ಲಿ ಸಾಧನೆ 85, ಪ್ರಗತಿ 72, ಅಂತರ 70. ಅದಕ್ಕೂ 80.5, ಅದಕ್ಕೂ ಬಿ.

ಬಾಗಿಲ ಮೇಲೆ ಒಂದೇ ಅಕ್ಷರ, ಒಳಗೆ ಎರಡು ಬೇರೆ ಶಾಲೆಗಳು. ಮೊದಲನೆಯದರಲ್ಲಿ ಹಿಂದುಳಿದು ಬಂದ ಮಕ್ಕಳನ್ನು ಮೇಷ್ಟ್ರುಗಳು ಒಂದೊಂದು ಹಂತ ಮೇಲೆತ್ತುತ್ತಿದ್ದಾರೆ. ಎರಡನೆಯದಕ್ಕೆ ಮಕ್ಕಳು ಮೊದಲೇ ಓದು ಬಂದವರಾಗಿ ಬರುತ್ತಾರೆ, ಶಾಲೆ ಅವರಿಗೆ ಹೆಚ್ಚೇನೂ ಸೇರಿಸುತ್ತಿಲ್ಲ. ನನ್ನ ಮಗುವನ್ನು ಯಾವುದಕ್ಕೆ ಸೇರಿಸಲಿ ಎಂದು ಯಾರಾದರೂ ಕೇಳಿದರೆ ನಾನು ಹಿಂದುಮುಂದು ನೋಡದೆ ಮೊದಲನೆಯದನ್ನು ಹೇಳುತ್ತೇನೆ. ಮನೆಯ ಬೆಲೆ ಮಾತ್ರ ಎರಡನೆಯದರ ಸುತ್ತಲೇ ಏರುತ್ತದೆ.

ಅಂಗನವಾಡಿಯಲ್ಲಿ ಮಗುವಿನ ತೂಕದ ಪಟ್ಟಿ ನೋಡಿದ್ದೀರಲ್ಲ? ಕಾರ್ಯಕರ್ತೆ ಈ ತಿಂಗಳ ತೂಕವೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದಿಲ್ಲ; ಹೋದ ತಿಂಗಳಿನಿಂದ ಗೆರೆ ಮೇಲೆ ಹೋಗಿದೆಯೇ, ಅಡ್ಡ ನಿಂತಿದೆಯೇ, ಇಳಿದಿದೆಯೇ ಎಂದು ನೋಡುತ್ತಾಳೆ. ತೂಕ ಕಡಿಮೆಯಿದ್ದೂ ಗೆರೆ ಏರುತ್ತಿರುವ ಮಗುವಿನ ತಾಯಿಯನ್ನು ಬೈಯುವುದಿಲ್ಲ. ಶಾಲೆಯ ವಿಷಯದಲ್ಲಿ ನಾವು ಈ ವಿವೇಕವನ್ನು ಬಿಟ್ಟುಬಿಡುತ್ತೇವೆ. ಮಕ್ಕಳ ಮಟ್ಟವನ್ನು ನೋಡಿ ಅದು ಶಾಲೆಯ ಗುಣ ಎಂದು ಓದುತ್ತೇವೆ. ಮಟ್ಟದಲ್ಲಿ ಮನೆಯ ಪಾಲು ದೊಡ್ಡದು: ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಮನೆಯಲ್ಲಿ ಪುಸ್ತಕವಿದೆಯೇ, ಬಾಡಿಗೆ ಕಟ್ಟಲಾಗದೆ ವರ್ಷದಲ್ಲಿ ಎಷ್ಟು ಸಲ ಮನೆ ಬದಲಾಯಿತು. ಟೆಕ್ಸಸ್‌ನ ಸರ್ಕಾರಿ ಶಾಲೆಗಳ ಸುಮಾರು 55 ಲಕ್ಷ ಮಕ್ಕಳಲ್ಲಿ ಐವರಲ್ಲಿ ಮೂವರು ಆರ್ಥಿಕವಾಗಿ ಹಿಂದುಳಿದವರು. ಶಾಲೆಯ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಬೆಳವಣಿಗೆಯನ್ನೇ ನೋಡಬೇಕು. ಟೆಕ್ಸಸ್‌ನ ಲೆಕ್ಕದಲ್ಲಿ ಅದಕ್ಕೆ ಜಾಗವಿದೆ, ಅದು ಮೆಚ್ಚಬೇಕಾದದ್ದು. ಆದರೆ ಎಲ್ಲವನ್ನೂ ಒಂದು ಅಕ್ಷರಕ್ಕೆ ಇಳಿಸಿದ ಕೂಡಲೇ ಆ ಮಾಹಿತಿ ಕಣ್ಣಿಗೆ ಮರೆಯಾಗುತ್ತದೆ. ಅಲ್ಲಿರುವ ಕನ್ನಡಿಗ ಪೋಷಕರು ಅಕ್ಷರದ ಕೆಳಗಿನ ಮೂರು ವಿಭಾಗಗಳ ಅಂಕ ತೆರೆದು ನೋಡಲಿ. ಇಲಾಖೆಯ ಜಾಲತಾಣದಲ್ಲಿ ಪ್ರತಿ ಶಾಲೆಗೂ ಅದು ಸಿಗುತ್ತದೆ.

ಇನ್ನೊಂದು ವಿಷಯ ತಿಳಿದರೆ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು ಬೆರಗಾಗುತ್ತಾರೆ. ಸ್ಟಾರ್ ಪರೀಕ್ಷೆ ಶುರುವಾಗುವುದೇ ಮೂರನೇ ತರಗತಿಯಿಂದ. ಕಿಂಡರ್‌ಗಾರ್ಟನ್‌ನಿಂದ ಎರಡನೇ ತರಗತಿವರೆಗೆ ಮಾತ್ರ ಇರುವ ಶಾಲೆಯಲ್ಲಿ ಯಾವ ಮಗುವೂ ಈ ಪರೀಕ್ಷೆ ಬರೆಯುವುದಿಲ್ಲ. ಆದರೂ ಅದಕ್ಕೊಂದು ಗ್ರೇಡು ಇರುತ್ತದೆ. ಅಲ್ಲಿಂದ ಮಕ್ಕಳು ಮುಂದೆ ಯಾವ ಶಾಲೆಗೆ ಹೋಗುತ್ತಾರೋ ಆ ಶಾಲೆಯ ಗ್ರೇಡನ್ನೇ ಇದಕ್ಕೂ ಜೋಡಿಸುತ್ತಾರೆ. ಐದು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವ ಟೀಚರು ಹೇಗಿದ್ದಾರೆ ಎಂಬುದಕ್ಕೂ ಆ ಗ್ರೇಡಿಗೂ ಸಂಬಂಧವೇ ಇಲ್ಲ. ಗ್ರಂಥಾಲಯವಿದೆಯೇ, ಸಂಗೀತ ಕಲಿಸುತ್ತಾರೆಯೇ, ಮಕ್ಕಳು ಹೆದರದೆ ಬರುತ್ತಾರೆಯೇ, ಶಿಕ್ಷಕರು ವರ್ಷ ವರ್ಷವೂ ಬಿಟ್ಟುಹೋಗುತ್ತಿದ್ದಾರೆಯೇ, ಇವೂ ಅಕ್ಷರದಲ್ಲಿಲ್ಲ.

ಕೋರ್ಟಿಗೆ ಹೋದ ಜಗಳ ಯಾವುದರ ಬಗ್ಗೆ? ಹೈಸ್ಕೂಲಿನ ಲೆಕ್ಕದಲ್ಲಿ ಕಾಲೇಜು, ಕೆಲಸ, ಸೇನೆಗೆ ಸಿದ್ಧರಾದವರ ಪ್ರಮಾಣ ಶೇ 60 ಇದ್ದರೆ ಆ ಅಂಶಕ್ಕೆ ಎ ಸಿಗುತ್ತಿತ್ತು. 2023ರಲ್ಲಿ ಇಲಾಖೆ ಅದನ್ನು ಶೇ 88ಕ್ಕೆ ಏರಿಸಿತು. ಏರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬಹುತೇಕ ಶಾಲೆಗಳು ದಾಟಿದ ಗುರಿ ಗುರಿಯಾಗಿ ಉಳಿಯುವುದಿಲ್ಲ. ಆದರೆ ಹೊಸ ಗೆರೆಯನ್ನು ಆಗಲೇ ಶಾಲೆ ಮುಗಿಸಿ ಹೋಗಿದ್ದ ಮಕ್ಕಳ ಮೇಲೆ ಎಳೆಯಲಾಯಿತು. ಅವರಿಗೆ ಇನ್ನೇನನ್ನೂ ಕಲಿಸಲು ಯಾವ ಶಾಲೆಗೂ ಸಾಧ್ಯವಿರಲಿಲ್ಲ. ನೂರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳು ದಾವೆ ಹೂಡಿದವು. ಕೆಳಗಿನ ನ್ಯಾಯಾಲಯ ಪ್ರಕಟಣೆಯನ್ನು ತಡೆಯಿತು, ಮೇಲ್ಮನವಿ ನ್ಯಾಯಾಲಯ 2025ರಲ್ಲಿ ರಾಜ್ಯದ ಪರ ನಿಂತಿತು. ನನ್ನ ಮಟ್ಟಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಶಾಲೆ ಬದಲಾಗದೆ, ಮಗು ಬದಲಾಗದೆ, ಅಕ್ಷರ ಬದಲಾಗಬಹುದು. ಎರಡು ವರ್ಷದ ಗ್ರೇಡನ್ನು ಹೋಲಿಸುವವರು ನಡುವೆ ಗೆರೆ ಸರಿದಿದೆಯೇ ಎಂದು ಮೊದಲು ಕೇಳಬೇಕು.

ಅಕ್ಷರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹ್ಯೂಸ್ಟನ್ ಸಾಕ್ಷಿ. ಅಲ್ಲಿನ ಫಿಫ್ತ್ ವಾರ್ಡ್ ಎಂಬ ಬಡಾವಣೆಯಲ್ಲಿ ಫಿಲಿಸ್ ವೀಟ್ಲಿ ಹೈಸ್ಕೂಲ್ ಇದೆ. ಗುಲಾಮಳಾಗಿ ಬಂದು ಕವಿಯಾದ ಹೆಣ್ಣಿನ ಹೆಸರು ಆ ಶಾಲೆಗೆ. ಟೆಕ್ಸಸ್‌ನಿಂದ ಅಮೆರಿಕದ ಸಂಸತ್ತಿಗೆ ಆರಿಸಿಹೋದ ಮೊದಲ ಕಪ್ಪು ಮಹಿಳೆ ಬಾರ್ಬರಾ ಜೋರ್ಡಾನ್ 1952ರಲ್ಲಿ ಓದು ಮುಗಿಸಿದ್ದು ಇಲ್ಲೇ. ಈ ಶಾಲೆ ವರ್ಷಾನುಗಟ್ಟಲೆ ಕೆಳಗಿನ ಗ್ರೇಡಿನಲ್ಲಿತ್ತು. 2019ರಲ್ಲಿ ಎಫ್ ಬಂತು. 2015ರ ಕಾನೂನಿನ ಪ್ರಕಾರ ಒಂದೇ ಒಂದು ಶಾಲೆ ಸತತವಾಗಿ ಐದು ವರ್ಷ ಅನುತ್ತೀರ್ಣವಾದರೂ ರಾಜ್ಯ ಆ ಶಾಲೆಯನ್ನು ಮುಚ್ಚಬೇಕು, ಇಲ್ಲವೇ ಇಡೀ ಶಾಲಾ ಜಿಲ್ಲೆಯ ಚುನಾಯಿತ ಮಂಡಳಿಯನ್ನು ಬದಿಗಿಟ್ಟು ತನ್ನವರನ್ನು ನೇಮಿಸಬೇಕು. ದಾವೆಗಳು ನಡೆದವು, ಕೊರೊನಾ ಬಂತು. ಕೊನೆಗೆ 2023ರ ಜೂನ್‌ನಲ್ಲಿ ಸುಮಾರು 270 ಶಾಲೆಗಳ, ಟೆಕ್ಸಸ್‌ನಲ್ಲೇ ದೊಡ್ಡದಾದ ಹ್ಯೂಸ್ಟನ್ ಶಾಲಾ ಜಿಲ್ಲೆ ರಾಜ್ಯದ ಕೈಗೆ ಹೋಯಿತು. ಅಷ್ಟರಲ್ಲಿ ವೀಟ್ಲಿ ಶಾಲೆ 2022ರ ಗ್ರೇಡಿನಲ್ಲಿ ‘ಸಿ’ಗೆ ಏರಿತ್ತು.

ರಾಜ್ಯ ನೇಮಿಸಿದ ಸೂಪರಿಂಟೆಂಡೆಂಟ್, ಅಂದರೆ ಶಾಲಾ ಜಿಲ್ಲೆಯ ಮುಖ್ಯಾಧಿಕಾರಿ, ಮೈಕ್ ಮೈಲ್ಸ್ ಪಾಠದ ಕ್ರಮವನ್ನು ಬಿಗಿ ಮಾಡಿದರು. ಹಲವು ಶಾಲೆಗಳಲ್ಲಿ ಗ್ರಂಥಾಲಯದ ಜಾಗ ಬೇರೆ ಬಳಕೆಗೆ ಹೋಯಿತು. ಪೋಷಕರು ಬೀದಿಗಿಳಿದರು, ಅನೇಕ ಶಿಕ್ಷಕರು ಬಿಟ್ಟುಹೋದರು. 2025ರ ಪಟ್ಟಿಯಲ್ಲಿ ಹ್ಯೂಸ್ಟನ್‌ನ ಒಂದು ಶಾಲೆಗೂ ಎಫ್ ಇರಲಿಲ್ಲ. ಇದನ್ನು ಸುಳ್ಳು ಎಂದು ತಳ್ಳಿಹಾಕುವುದು ಅಪ್ರಾಮಾಣಿಕವಾಗುತ್ತದೆ. ಓದು, ಗಣಿತದಲ್ಲಿ ಹಿಂದಿದ್ದ ಬಡ ಮಕ್ಕಳ ಅಂಕ ನಿಜವಾಗಿಯೂ ಏರಿದ್ದರೆ ಅದು ಸಣ್ಣ ಮಾತಲ್ಲ. ಅದೇ ಹೊತ್ತಿಗೆ, ಪುಸ್ತಕದ ಕೋಣೆ ಕಳೆದುಕೊಂಡ ಮಗುವಿಗೆ ಆದ ನಷ್ಟವನ್ನು ಎಣಿಸುವ ಅಂಕಣ ಆ ಪಟ್ಟಿಯಲ್ಲಿಲ್ಲ ಎಂಬುದೂ ನಿಜ. ಅಳೆದದ್ದು ಏರಿತು. ಅಳೆಯದೆ ಬಿಟ್ಟದ್ದರ ಗತಿ ಏನಾಯಿತು ಎಂದು ಹೇಳಲು ನಮ್ಮ ಬಳಿ ಅಂಕಿಯಿಲ್ಲ.

ಅಂಕಿಯ ಮೇಲೆ ಶಿಕ್ಷೆ ಕೂತಾಗ ಆಗುವುದನ್ನು ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಗುರುತಿಸಿದ್ದರು: ಒಂದು ಅಳತೆಯನ್ನು ತೀರ್ಮಾನಕ್ಕೆ ಹೆಚ್ಚು ಹೆಚ್ಚು ಬಳಸಿದಷ್ಟೂ ಆ ಅಳತೆ ಕೆಡುತ್ತದೆ, ಅಳೆಯಬೇಕಾದ ಕೆಲಸವನ್ನೂ ಕೆಡಿಸುತ್ತದೆ. ಜೆನಿಫರ್ ಬೂಹರ್-ಜೆನ್ನಿಂಗ್ಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಟೆಕ್ಸಸ್‌ನ ಒಂದು ಪ್ರಾಥಮಿಕ ಶಾಲೆಯ ಒಳಗನ್ನು ತೋರಿಸಿತು. ಅಲ್ಲಿ ಮಕ್ಕಳನ್ನು ಮೂರು ಬಣ್ಣಗಳಲ್ಲಿ ಗುರುತು ಮಾಡುತ್ತಿದ್ದರು: ಹೇಗೂ ಪಾಸಾಗುವವರು, ಸ್ವಲ್ಪ ತಳ್ಳಿದರೆ ಪಾಸಾಗುವವರು, ಏನು ಮಾಡಿದರೂ ಆಗದವರು. ಶಿಕ್ಷಕರ ಸಮಯವೆಲ್ಲ ನಡುವಿನವರಿಗೆ. ಎಲ್ಲಕ್ಕಿಂತ ಹೆಚ್ಚು ಸಹಾಯ ಬೇಕಿದ್ದ ಮಗುವಿಗೆ ಏನೂ ಸಿಗಲಿಲ್ಲ, ಯಾಕೆಂದರೆ ಅದು ಹತ್ತರಿಂದ ಮೂವತ್ತಕ್ಕೆ ಬಂದರೂ ಶಾಲೆಯ ಅಂಕ ಏರುತ್ತಿರಲಿಲ್ಲ.

ಟೆಕ್ಸಸ್‌ನದೇ ಎಲ್ ಪಾಸೊ ಶಾಲಾ ಜಿಲ್ಲೆಯಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಹತ್ತನೇ ತರಗತಿಯ ಪರೀಕ್ಷೆ ಲೆಕ್ಕಕ್ಕೆ ಬರುತ್ತಿತ್ತು. ದುರ್ಬಲ ಮಕ್ಕಳು ಆ ತರಗತಿಯಲ್ಲಿ ಇರದ ಹಾಗೆ ಮಾಡಿದರು. ಕೆಲವರನ್ನು ಒಂಬತ್ತರಲ್ಲೇ ಉಳಿಸಿದರು, ಕೆಲವರನ್ನು ಹನ್ನೊಂದಕ್ಕೆ ಹಾರಿಸಿದರು, ಕೆಲವರನ್ನು ಶಾಲೆಯಿಂದಲೇ ಆಚೆ ಕಳಿಸಿದರು. ಅಲ್ಲಿನ ಸೂಪರಿಂಟೆಂಡೆಂಟ್‌ಗೆ 2012ರಲ್ಲಿ ಜೈಲು ಶಿಕ್ಷೆಯಾಯಿತು. ಜಾರ್ಜಿಯಾ ರಾಜ್ಯದ ಅಟ್ಲಾಂಟದಲ್ಲಿ 2011ರ ತನಿಖಾ ವರದಿ 44 ಶಾಲೆಗಳಲ್ಲಿ ಮೋಸ ನಡೆದಿದೆ ಎಂದಿತು, 178 ಮಂದಿಯನ್ನು ಹೆಸರಿಸಿತು. ಶಿಕ್ಷಕರು ಕೋಣೆಯಲ್ಲಿ ಕೂತು ಮಕ್ಕಳ ತಪ್ಪು ಉತ್ತರವನ್ನು ಅಳಿಸಿ ಸರಿ ಉತ್ತರ ಗುರುತಿಸಿದ್ದರು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಮಾನವಾಯಿತು. ಅಳಿಸಿದ ಪ್ರತಿ ಉತ್ತರದ ಹಿಂದೆ ಒಂದು ಮಗುವಿತ್ತು. ಓದಲು ಬರುತ್ತಿಲ್ಲ ಎಂದು ಗೊತ್ತಾಗಿದ್ದರೆ ಅದಕ್ಕೆ ಸಹಾಯ ಸಿಗುತ್ತಿತ್ತು. ಸುಳ್ಳು ಪಾಸು ಅದನ್ನೂ ಕಿತ್ತುಕೊಂಡಿತು.

ಇಷ್ಟು ಓದುವಾಗ ನಮ್ಮ ಹೈಸ್ಕೂಲು ಮೇಷ್ಟ್ರುಗಳಿಗೆ ಇದೆಲ್ಲ ಎಲ್ಲೋ ಕೇಳಿದ ಹಾಗಿದೆ ಅನ್ನಿಸಿರಬೇಕು. ಜನವರಿ ಬಂತೆಂದರೆ ಹತ್ತನೇ ತರಗತಿಯ ಮಕ್ಕಳನ್ನು ಗುಂಪು ಮಾಡಿ, ನಿಧಾನ ಕಲಿಕೆಯವರ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಕೊಡುವುದು ನಮ್ಮಲ್ಲಿ ಗುಟ್ಟಲ್ಲ. ಪಾಸಾಗುವ ಅಂಕಕ್ಕೆ ಬೇಕಾದಷ್ಟು ಪ್ರಶ್ನೆ, ನಕ್ಷೆ, ಪ್ರಮೇಯ. ಆ ಶಿಕ್ಷಕರನ್ನು ನಾನು ದೂರುವುದಿಲ್ಲ. ಎಂಟನೇ ತರಗತಿಗೆ ಬಂದಾಗಲೇ ಭಾಗಾಕಾರ ಬಾರದ ಮಗುವನ್ನು ಎರಡೂವರೆ ವರ್ಷದಲ್ಲಿ ದಡ ಸೇರಿಸಿ ಎಂದು ಕೇಳಿ, ಸೇರಿಸದಿದ್ದರೆ ಡಿಡಿಪಿಐ ಕಚೇರಿಯಿಂದ ನೋಟಿಸು ಕಳಿಸುವ ವ್ಯವಸ್ಥೆಯಲ್ಲಿ ಅವರು ಇನ್ನೇನು ಮಾಡಿಯಾರು?

2023 ಮತ್ತು 2024ರ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ಚಿತ್ರದುರ್ಗ ಶೇ 96.80ರೊಂದಿಗೆ ರಾಜ್ಯಕ್ಕೆ ಮೊದಲು. ಉಡುಪಿ, ದಕ್ಷಿಣ ಕನ್ನಡ ಮೊದಲ ಹತ್ತರಲ್ಲಿರಲಿಲ್ಲ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೋಣೆಯ ದೃಶ್ಯ ಅಧಿಕಾರಿಗಳಿಗೆ ನೇರ ಕಾಣುವ ಹಾಗಾಯಿತು. ಆ ವರ್ಷ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಉಡುಪಿ ಮೊದಲಾಯಿತು, ದಕ್ಷಿಣ ಕನ್ನಡ ಎರಡನೆಯದು. ಚಿತ್ರದುರ್ಗ ಶೇ 72.85ರೊಂದಿಗೆ 21ನೇ ಸ್ಥಾನಕ್ಕೆ ಬಂತು. ಒಂದು ಜಿಲ್ಲೆಯತ್ತ ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಇಳಿದ ಜಿಲ್ಲೆಗಳು ಬೇಕಾದಷ್ಟಿದ್ದವು. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆಯುವುದಿಲ್ಲ ಎಂಬುದಷ್ಟೇ ನನ್ನ ಮಾತು. ಒಂದು ವರ್ಷ ಸನ್ಮಾನ ಮಾಡಿದ್ದೂ ಮರುವರ್ಷ ಗದರಿಸಿದ್ದೂ ಒಂದೇ ಶಿಕ್ಷಕರನ್ನು.

2024ರ ಪಟ್ಟಿಯ ಕೊನೆಯಲ್ಲಿದ್ದ ಯಾದಗಿರಿಯ ಫಲಿತಾಂಶ ಶೇ 50.59. ದಕ್ಷಿಣ ಕನ್ನಡದ್ದು 92.12. ಈಗ 2011ರ ಜನಗಣತಿಯ ಸಾಕ್ಷರತೆ ನೋಡಿ: ಯಾದಗಿರಿ 51.83, ದಕ್ಷಿಣ ಕನ್ನಡ 88.57. ಎರಡು ಜಿಲ್ಲೆಗಳಿಂದ ನಿಯಮ ಕಟ್ಟಲಾಗದು, ಒಪ್ಪುತ್ತೇನೆ. ಆದರೂ ಆ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 2011ರಲ್ಲಿ ಓದು ಬಾರದವರೆಂದು ಎಣಿಕೆಯಾದವರ ಮಕ್ಕಳು 2024ರಲ್ಲಿ ಹತ್ತನೇ ತರಗತಿಯ ಬೆಂಚಿನಲ್ಲಿ ಕೂತಿದ್ದರು. ಅವರಲ್ಲಿ ಎಷ್ಟೋ ಮಂದಿ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಬಂದವರು, ಹತ್ತಿ ಬಿಡಿಸುವ ತಿಂಗಳಲ್ಲಿ ಶಾಲೆ ತಪ್ಪಿಸಿಕೊಂಡವರು, ಗಣಿತ ಮೇಷ್ಟ್ರ ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರು ಬರುವವರೆಗೆ ಕಾದವರು. ಅಂಥ ಕಡೆ ಶಾಲೆಗೆ ಹೋದ ಮೊದಲ ತಲೆಮಾರಿನ ಒಬ್ಬ ಹುಡುಗಿ 40 ಅಂಕ ತೆಗೆದರೆ, ಅದರ ಹಿಂದಿನ ಶಿಕ್ಷಕರ ದುಡಿಮೆ ಮಂಗಳೂರಿನ 90ರ ಹಿಂದಿನದಕ್ಕಿಂತ ಹೆಚ್ಚಿರಬಹುದು. ನಮ್ಮ ಪಟ್ಟಿಯಲ್ಲಿ ಅದನ್ನು ನೋಡುವ ಕಿಂಡಿಯೇ ಇಲ್ಲ. ಟೆಕ್ಸಸ್‌ನ ಲೆಕ್ಕದಲ್ಲಿ ಎಷ್ಟೇ ದೋಷವಿರಲಿ, ಬೆಳವಣಿಗೆಗೊಂದು ಸಾಲು ಇದೆ, ಬಡತನಕ್ಕೊಂದು ಹೋಲಿಕೆ ಇದೆ. ನಾವು ಬರಿಯ ಪಾಸಾದವರ ಪ್ರಮಾಣ ಹಿಡಿದು ಇಡೀ ಕಲ್ಯಾಣ ಕರ್ನಾಟಕಕ್ಕೆ ವರ್ಷ ವರ್ಷವೂ ಅವಮಾನ ಮಾಡುತ್ತೇವೆ.

ಸಣ್ಣ ಶಾಲೆಗಳ ವಿಷಯವನ್ನೂ ಹೇಳಬೇಕು. ಹತ್ತನೇ ತರಗತಿಯಲ್ಲಿ ಹನ್ನೆರಡು ಮಕ್ಕಳಿರುವ ಶಾಲೆಯಲ್ಲಿ ಮೂವರು ಜ್ವರ ಬಿದ್ದರೆ ಫಲಿತಾಂಶ ಕಾಲು ಭಾಗ ಕುಸಿಯುತ್ತದೆ. ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು ನಾರ್ತ್ ಕ್ಯಾರೊಲಿನಾದ ಶಾಲೆಗಳನ್ನು ನೋಡಿ 2002ರಲ್ಲಿ ಇದನ್ನೇ ತೋರಿಸಿದರು: ಪಟ್ಟಿಯ ತುದಿಯಲ್ಲೂ ಬುಡದಲ್ಲೂ ಸಣ್ಣ ಶಾಲೆಗಳೇ ಹೆಚ್ಚು. ಶೇ 100 ಬಂದ ಶಾಲೆ, ಶೂನ್ಯ ಬಂದ ಶಾಲೆ ಎಂದು ನಾವು ಪತ್ರಿಕೆಗಳಲ್ಲಿ ಹಾಕುವ ಪಟ್ಟಿಗಳ ಪಕ್ಕ ಪರೀಕ್ಷೆ ಬರೆದವರ ಸಂಖ್ಯೆಯನ್ನು ಹಾಕುವುದು ಪತ್ರಕರ್ತರಾದ ನಮ್ಮ ಕರ್ತವ್ಯ.

ಟೆಕ್ಸಸ್ ಈಗ ಸ್ಟಾರ್ ಪರೀಕ್ಷೆಯನ್ನೇ ಬಿಡುತ್ತಿದೆ. 2025ರಲ್ಲಿ ಆದ ಕಾನೂನಿನ ಪ್ರಕಾರ 2027–28ರಿಂದ ವರ್ಷದ ಮೊದಲು, ನಡುವೆ, ಕೊನೆಯಲ್ಲಿ ಮೂರು ಚಿಕ್ಕ ಪರೀಕ್ಷೆಗಳು. ಜೂನ್‌ನಲ್ಲಿ ನಮ್ಮ ಶಾಲೆಗಳು ಸೇತುಬಂಧದ ಹೆಸರಿನಲ್ಲಿ ಮಾಡುವ ನೈದಾನಿಕ ಪರೀಕ್ಷೆ, ಸಾಫಲ್ಯ ಪರೀಕ್ಷೆಗಳನ್ನು ಬಲ್ಲವರಿಗೆ ಈ ವಿಚಾರ ಹೊಸದಲ್ಲ. ಮಗು ಎಲ್ಲಿಂದ ಹೊರಟಿತು ಎಂದು ಮೊದಲು ತಿಳಿದುಕೊಳ್ಳುವುದು ಸರಿಯಾದ ದಾರಿ. ಆದರೆ ಸೇತುಬಂಧದ ಅಂಕದ ಮೇಲೆ ನಾಳೆ ಯಾರದಾದರೂ ವೇತನ ಬಡ್ತಿ ನಿಂತರೆ ಜೂನ್‌ನ ಅಂಕಗಳು ತಾವಾಗಿಯೇ ಕಡಿಮೆಯಾಗುತ್ತವೆ, ಕೊನೆಯವು ತಾವಾಗಿಯೇ ಏರುತ್ತವೆ. ಆ ಅಂಕಿ ಸಹಾಯ ಎಲ್ಲಿಗೆ ಕಳಿಸಬೇಕು ಎಂದು ತೋರಿಸಲಿ: ಎಲ್ಲಿ ಗಣಿತ ಶಿಕ್ಷಕರ ಹುದ್ದೆ ಮೊದಲು ತುಂಬಬೇಕು, ಎಲ್ಲಿಗೆ ವಸತಿ ಶಾಲೆ ಬೇಕು. ಅದನ್ನು ಶಿಕ್ಷೆಗೆ ಬಳಸಬಾರದು.

ಎಲ್ಲಕ್ಕೂ ಮೊದಲು, ಈಗಿರುವ ಮಾಹಿತಿಯಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಕರ್ನಾಟಕದ ಪ್ರತಿ ಶಾಲಾ ಮಗುವಿಗೂ ಸ್ಯಾಟ್ಸ್ ಎಂಬ ಗುರುತಿನ ಸಂಖ್ಯೆಯಿದೆ. ಯಾವ ಮಗು ಯಾವ ವರ್ಷ ಯಾವ ಶಾಲೆಯಲ್ಲಿತ್ತು ಎಂಬುದು ಇಲಾಖೆಯ ಕಂಪ್ಯೂಟರಿನಲ್ಲಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟಿಸುವ ದಿನ ಪ್ರತಿ ಶಾಲೆಯ, ಪ್ರತಿ ಜಿಲ್ಲೆಯ ಪಾಸ್ ಪ್ರಮಾಣದ ಪಕ್ಕ ಎರಡು ಅಂಕಣಗಳನ್ನು ಸೇರಿಸಲಿ. ಸುಮಾರು ಮೂರು ವರ್ಷದ ಹಿಂದೆ ಇಲ್ಲಿ ಎಂಟನೇ ತರಗತಿಗೆ ದಾಖಲಾದ ಮಕ್ಕಳೆಷ್ಟು, ಅವರಲ್ಲಿ ಈ ಸಲ ಪರೀಕ್ಷೆಗೆ ಕೂತವರೆಷ್ಟು. ಶೇ 100ರ ಫಲಿತಾಂಶಕ್ಕಾಗಿ ಒಂಬತ್ತನೇ ತರಗತಿಯಲ್ಲೇ ಟಿ.ಸಿ. ಕೊಟ್ಟು ಕಳಿಸಿದ ಮಕ್ಕಳು ಆಗ ಲೆಕ್ಕಕ್ಕೆ ಸಿಗುತ್ತಾರೆ. ಗುಳೆ ಹೋದವರೂ, ಮದುವೆ ಮಾಡಿಸಿ ಬಿಡಿಸಿದ ಹೆಣ್ಣುಮಕ್ಕಳೂ ಸಿಗುತ್ತಾರೆ. ಅವರನ್ನು ಹುಡುಕಿ ಕರೆತಂದು ಪರೀಕ್ಷೆಗೆ ಕೂರಿಸಿ, ಅದರಿಂದಲೇ ತನ್ನ ಪಾಸ್ ಪ್ರಮಾಣ ಇಳಿಸಿಕೊಂಡ ಶಾಲೆ ಯಾವುದೆಂದೂ ಕಾಣುತ್ತದೆ. ಆ ಶಾಲೆಗೆ ನೋಟಿಸು ಕಳಿಸುವ ಮೊದಲು ಅಧಿಕಾರಿಗಳು ಆ ಎರಡು ಅಂಕಣಗಳನ್ನು ಓದಲೇಬೇಕಾಗುತ್ತದೆ.